ಎಕ್ಕದ ಸವತಿ

ಪಂಕಜಮ್ಮ ಮದುವೆಯಾಗಿ ಮಳವಳ್ಳಿಯಿಂದ ಕೊಪ್ಪಕ್ಕೆ ಬಂದದ್ದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯ ವೈಶಾಖದಲ್ಲಿ. ಆಗ ಅವಳಿಗೆ ಹದಿನೇಳು. ಊರು ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ ದಾರಿಯ ಎಡಕ್ಕೆ ಒಂದು ಕಲ್ಲುಬೆದ್ದಲು ಸಿಕ್ಕಿತು. ಉತ್ತು ಬಿತ್ತುವ ಆಸೆಯನ್ನು ಯಾರೋ ಎಂದೋ ಬಿಟ್ಟಿದ್ದ ನೆಲ. ಬಿಸಿಲಿಗೆ ಹುಲ್ಲು ಕೂಡ ಸುಟ್ಟುಹೋಗಿತ್ತು. ಎಕ್ಕದ ಗಿಡಗಳು ಮಾತ್ರ ಬೂದಿ ಬಳಿದಂಥ ದಪ್ಪ ಎಲೆಗಳನ್ನು ಹೊತ್ತು, ತಿಳಿನೇರಳೆ ಹೂವಿನ ಗೊಂಚಲು ಹಿಡಿದು ಅಲ್ಲಲ್ಲಿ ನಿಂತಿದ್ದವು. ಕಮಾನು ಗಾಡಿ ಹೊಡೆಯುತ್ತಿದ್ದ ಹುಚ್ಚೀರಯ್ಯ ಬಾರುಕೋಲು ಚಾಚಿ ತೋರಿಸಿದ.

"ಅಗೋ ಅಮ್ಮಣ್ಣಿ, ಅಲ್ಲವ್ಳೆ ನಿಮ್ಮಕ್ಕ. ನೋಡ್ಕಂಬುಡಿ."

"ಬಾಯಿ ಮುಚ್ಚಿಕೊಂಡು ಗಾಡಿ ಹೊಡಿಯಯ್ಯ" ಎಂದು ಜೊತೆಗೆ ಬಂದಿದ್ದ ಸೋದರತ್ತೆ ಗದರಿದಳು. ಅಷ್ಟರಲ್ಲಿ ಪಂಕಜಮ್ಮ ನೋಡಿಯಾಗಿತ್ತು. ಮೊಣಕಾಲೆತ್ತರದ ಒಂದು ಮೋಟು. ಅದಕ್ಕೆ ಅರಿಶಿನದ ದಾರ. ಕಡಿದ ಜಾಗದಲ್ಲಿ ಹಾಲು ಸೋರಿ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಅವಳ ಗಂಡ ಚಲುವನಾರಾಯಣ ಕೊಪ್ಪದ ಶಾಲೆಯಲ್ಲಿ ಮೇಷ್ಟರು. ಅವಳಿಗಿಂತ ಹದಿನೇಳು ವರ್ಷ ದೊಡ್ಡವರು. ಮೊದಲ ಹೆಂಡತಿ ಹೆರಿಗೆಯಲ್ಲಿ ಹೋದಳು. ಎರಡನೆಯವಳು ಬಂದ ಎರಡನೆಯ ವರ್ಷ ಜ್ವರ ಹತ್ತಿ ಹೋದಳು. ಇಬ್ಬರನ್ನು ಕಳೆದುಕೊಂಡ ಗಂಡಸಿಗೆ ಮೂರನೆಯವಳು ದಕ್ಕುವುದಿಲ್ಲ ಎಂಬುದು ಅವರ ಕಡೆಯ ನಂಬಿಕೆ. ಅದಕ್ಕೇ ಮೂರನೆಯ ಮದುವೆಯನ್ನು ಎಕ್ಕದ ಗಿಡದೊಡನೆ ಮಾಡಿಸುತ್ತಾರೆ. ಗಿಡಕ್ಕೆ ನೀರೆರೆದು, ಸೀರೆ ಸುತ್ತಿ, ಅದರ ತಂದೆಯಾಗಿ ಒಬ್ಬರು ನಿಂತು ಧಾರೆ ಎರೆಯುತ್ತಾರೆ. ಗಂಡು ಗಿಡಕ್ಕೆ ತಾಳಿ ಕಟ್ಟುತ್ತಾನೆ. ಆಮೇಲೆ ಅದೇ ಮುಹೂರ್ತದಲ್ಲಿ ಗಿಡವನ್ನು ಕೊಲ್ಲಬೇಕು. ಮೂರನೆಯವಳಿಗೆ ಬರಬೇಕಾದ ಸಾವು ಅದರ ಜೊತೆಗೆ ಹೋಗುತ್ತದೆ. ನಿಜವಾದ ಹೆಣ್ಣು ನಾಲ್ಕನೆಯವಳಾಗಿ, ಕ್ಷೇಮವಾಗಿ ಒಳಗೆ ಬರುತ್ತಾಳೆ.

ಪಂಕಜಮ್ಮನ ಮದುವೆಗೆ ನಾಲ್ಕು ದಿನ ಮುಂಚೆ ಇದೆಲ್ಲ ಕ್ರಮವಾಗಿಯೇ ನಡೆದಿತ್ತು. ಒಂದು ವಿಷಯ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ಬೇರು ಕೀಳೋಣವೆಂದರೆ ನೆಲ ಕಲ್ಲು, ಹಾರೆ ತಂದಿರಲಿಲ್ಲ. ಜೋಯಿಸರು ಸೂರ್ಯನ ಕಡೆ ನೋಡಿ, "ಹೊತ್ತು ಮೀರುತ್ತಿದೆ, ಕಡಿದರೆ ಸಾಕು" ಎಂದರು. ಯಾರೋ ಕುಡುಗೋಲು ಬೀಸಿದರು. ಎಲ್ಲರೂ ಹಿಂದಿರುಗಿ ನೋಡದೆ ಬಂದು ಸ್ನಾನ ಮಾಡಿದರು.

ಮದುವೆಯಾದ ವಾರಕ್ಕೆ ಪಂಕಜಮ್ಮ ತೌರಿಗೆ ಹೋದಳು. ಸಂಕ್ರಾಂತಿ ಕಳೆದು ಮತ್ತೆ ಬಂದಾಗ, ರಥಸಪ್ತಮಿಯ ನಂತರದ ದಶಮಿಗೆ ಗಂಡ ಹೆಂಡತಿಯನ್ನು ಕೂಡಿಸುವ ಶಾಸ್ತ್ರ ಎಂದು ದಿನ ಗೊತ್ತಾಗಿತ್ತು. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದರು. ಅತ್ತೆ ಗೋದಮ್ಮ ತನ್ನ ಪೆಟ್ಟಿಗೆಯಿಂದ ಒಂದು ಹಳೆಯ ಜರಿಯ ಸೀರೆ ತೆಗೆದು ಬಿಸಿಲಿಗೆ ಹರವಿದ್ದಳು.

ರಥಸಪ್ತಮಿಯ ದಿನ ಎಕ್ಕದ ಎಲೆ ಮೈಮೇಲಿಟ್ಟುಕೊಂಡು ಸ್ನಾನ ಮಾಡಬೇಕು. ಮನೆಗೆ ಸಗಣಿ, ಸೌದೆ ತಂದುಕೊಡುತ್ತಿದ್ದ ಚಿಕ್ಕಮಾದಮ್ಮ ಬೆಳಗಿನ ಮಂಜಿನಲ್ಲೇ ಒಂದು ಕುಕ್ಕೆ ಎಲೆ ತಂದು ಹಿತ್ತಿಲ ಜಗಲಿಯ ಮೇಲೆ ಸುರಿದಳು. ಎಲೆಗಳ ನಡುವೆ ಬಣ್ಣಗೆಟ್ಟ ದಾರದ ತುಂಡೊಂದು ಇತ್ತು.

"ಇದೇನೇ ಇದು?" ಎಂದಳು ಗೋದಮ್ಮ.

"ದಾರ ಕಣ್ರವ್ವ. ಮೇಷ್ಟ್ರು ತಾಳಿ ಕಟ್ಟಿದ್ ಗಿಡ ಅಲ್ವರಾ, ಅದ್ರುದ್ದೇ ಎಲೆ. ಎಲ್ಲಾಕ್ಕಿಂತ ಚೆಂದಾಗ್ ಚಿಗ್ತದೆ. ಆಳೆತ್ರ ಬೆಳ್ದದೆ."

"ಅದನ್ನು ಕಡಿದು ಹಾಕಿದೆವಲ್ಲೇ!"

ಚಿಕ್ಕಮಾದಮ್ಮ ಸೊಂಟದ ಮೇಲೆ ಕೈ ಇಟ್ಟು ನಕ್ಕೇಬಿಟ್ಟಳು. "ಅಯ್ಯೋ ಬುಡ್ರವ್ವ. ಎಕ್ಕ ಕಡುದ್ರೆ ಸಾಯ್ತದಾ? ಕಡ್ದಷ್ಟೂ ಚಿಗೀತದೆ. ಬುಡ್ದಾಗಿಂದ ಕೀಳ್ಬೇಕಿತ್ತು. ನಮ್ಮಟ್ಟಿ ಕೂಸ್ನ ಕೇಳಿದ್ರೂ ಯೋಳದು. ನೀವೆಲ್ಲ ಓದ್ದೋರು, ನಿಮ್ಗ್ ಯಾರ್ ಯೋಳಕಾಯ್ತದೆ?"

ಗೋದಮ್ಮ ನಗಲಿಲ್ಲ. ಎಲೆಗಳನ್ನು ಮುಟ್ಟಲೂ ಇಲ್ಲ. ಬಚ್ಚಲ ಬಾಗಿಲಲ್ಲಿ ಎಣ್ಣೆ ಹಚ್ಚಿಕೊಂಡು ನಿಂತಿದ್ದ ಸೊಸೆಯ ಮುಖ ನೋಡಿ, ತಕ್ಷಣ ಬೇರೆ ಕಡೆ ತಿರುಗಿದಳು.

ಮಧ್ಯಾಹ್ನ ಜೋಯಿಸರು ಬಂದು ಕೂತರು. ಅವರು ತಮ್ಮ ತಪ್ಪನ್ನು ಒಪ್ಪಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ. "ಮುಹೂರ್ತದಲ್ಲಿ ಹೋಗಿದ್ದರೆ ಕರ್ಮ ಕಳೆಯುತ್ತಿತ್ತು. ಈಗ ಕಿತ್ತರೆ ಅದು ಬರೀ ಗಿಡ ಕಿತ್ತ ಹಾಗೆ. ಎರಡನೆಯ ಸಲ ಮಾಡುವ ಶಾಸ್ತ್ರವೂ ಅಲ್ಲ" ಎಂದರು.

"ಹಾಗಾದರೆ ಈ ಹುಡುಗಿ?" ಎಂದು ಗೋದಮ್ಮ ಕೇಳಿದಳು.

"ಗಿಡ ತಾನಾಗಿ ಒಣಗಬೇಕು. ಯಾರ ಕೈಯೂ ಸೋಕಬಾರದು. ಅಲ್ಲಿಯವರೆಗೆ ಮೂರನೆಯವಳು ಇದ್ದಾಳೆ ಎಂದೇ ಲೆಕ್ಕ. ಗಂಡ ಹೆಂಡತಿ ಕೂಡಿದರೆ ಅವಳ ಸಾವು ಈ ಹುಡುಗಿಗೆ ಬರುತ್ತದೆ."

ಮೇಷ್ಟರು ಕಂಬಕ್ಕೆ ಒರಗಿ ಕೇಳಿಸಿಕೊಂಡರು. ದಶಮಿ ಬಂತು, ಹೋಯಿತು. ಸುಣ್ಣ ಹೊಡೆದ ಕೋಣೆಯಲ್ಲಿ ಪಂಕಜಮ್ಮ ಒಬ್ಬಳೇ ಮಲಗಿದಳು. ಅತ್ತೆ ಬಾಗಿಲ ಹೊರಗೆ, ಮೇಷ್ಟರು ಹೊರಜಗಲಿಯಲ್ಲಿ. ಹಾಸಿಗೆಗಳು ಅವತ್ತು ಬಿದ್ದ ಜಾಗದಲ್ಲೇ ವರ್ಷಗಟ್ಟಲೆ ಬಿದ್ದವು.

ಮೇಷ್ಟರು ಕೆಟ್ಟವರಾಗಿದ್ದರೆ ಪಂಕಜಮ್ಮನಿಗೆ ಸುಲಭವಾಗುತ್ತಿತ್ತು. ಅವರು ದನಿಯೆತ್ತಿ ಮಾತಾಡಿದವರಲ್ಲ. ಅವಳಿಗೆ ನೆಗಡಿಯಾದರೆ ಮದ್ದೂರಿನಿಂದ ಔಷಧಿ ತರಿಸುತ್ತಿದ್ದರು. ಮಳೆ ಬಂದರೆ ಬಾವಿಯಿಂದ ಅವಳು ನೀರು ತರುವ ಮೊದಲೇ ತಾವೇ ಎರಡು ಕೊಡ ಸೇದಿ ಇಟ್ಟು ಒಳಗೆ ಹೋಗುತ್ತಿದ್ದರು. ಆದರೆ ಅವಳು ಎದುರು ಬಂದರೆ ಗೋಡೆಯ ಕಡೆಗೆ ಸರಿಯುತ್ತಿದ್ದರು. ಒಮ್ಮೆ ಮಜ್ಜಿಗೆಯ ಲೋಟ ಕೊಡುವಾಗ ಬೆರಳು ತಾಗಿತು. ಅವರು ಕೈ ಸುಟ್ಟವರಂತೆ ಹಿಂದೆ ಸರಿದರು. ಲೋಟ ಬಿತ್ತು. ನೆಲ ಒರೆಸುತ್ತಾ ಅವಳು ತಲೆಯೆತ್ತಿದಾಗ ಅವರ ಮುಖದಲ್ಲಿ ಅಸಹ್ಯ ಇರಲಿಲ್ಲ, ಭಯವಿತ್ತು. ತನ್ನನ್ನು ಕಂಡು ಅಲ್ಲ, ತನ್ನ ಜೀವ ಹೋದೀತೆಂದು ಹೆದರಿದ್ದಾರೆ ಎಂದು ಅವಳಿಗೆ ಆಗ ಅರ್ಥವಾಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅವರಿಬ್ಬರ ಮಾತು ಗೋದಮ್ಮನ ಮೂಲಕ ನಡೆಯುತ್ತಿತ್ತು. "ಅಮ್ಮಾ, ನಾಳೆ ಇನ್ಸ್ಪೆಕ್ಟರು ಬರುತ್ತಾರೆ, ಬೇಗ ಊಟ ಬೇಕು" ಎಂದು ಮಗ ಹೇಳಿದರೆ, ಅಡುಗೆಮನೆಯ ಬಾಗಿಲಿಗೆ ತಿರುಗಿ ಗೋದಮ್ಮ, "ಕೇಳಿಸಿತೇ?" ಎನ್ನುತ್ತಿದ್ದಳು. "ಕೇಳಿಸಿತು ಅನ್ನಿ ಅತ್ತೆ" ಎಂದು ಪಂಕಜಮ್ಮ. ಮೂರು ಮಾರು ದೂರದಲ್ಲಿದ್ದ ಮೇಷ್ಟರು ಅದನ್ನು ಕೇಳಿಸಿಕೊಂಡು ಪುಸ್ತಕಕ್ಕೆ ಕಣ್ಣಿಡುತ್ತಿದ್ದರು.

ಗೋದಮ್ಮನ ಮಂಡಿ ಹಿಡಿದುಕೊಂಡಿತು. ಹರಳೆಣ್ಣೆ ಸವರಿದ ಎಕ್ಕದ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಕಟ್ಟಬೇಕು. ಎಲೆ ತರುವ ನೆಪದಲ್ಲಿ ಪಂಕಜಮ್ಮ ವಾರಕ್ಕೊಮ್ಮೆ ಚಿಕ್ಕಮಾದಮ್ಮನ ಜೊತೆ ಕಲ್ಲುಬೆದ್ದಲಿಗೆ ಹೋಗತೊಡಗಿದಳು. ಬೇರೆ ಗಿಡಗಳ ಎಲೆ ಕಿತ್ತುಕೊಂಡು, ಆ ಒಂದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಒಣಗಿದೆಯೇ ಎಂದು ನೋಡುವುದಕ್ಕೇ ಅವಳು ಹೋಗುತ್ತಿದ್ದದ್ದು. ಅದು ಒಣಗುವ ಜಾತಿಯಾಗಿರಲಿಲ್ಲ. ಒಂದು ವರ್ಷ ಮಳೆ ಕೈಕೊಟ್ಟು ರಾಗಿ ಗರಿಯಲ್ಲೇ ಸುರುಟಿಹೋಯಿತು. ಎಕ್ಕ ಹೂ ಬಿಟ್ಟಿತು. ಮೇಕೆಗಳು ಸುತ್ತ ಇದ್ದದ್ದನ್ನೆಲ್ಲ ತಿಂದು ಅದನ್ನು ಮೂಸಿ ಬಿಟ್ಟವು. ಕಪ್ಪು ಹಳದಿ ಪಟ್ಟೆಯ ಹುಳುಗಳು ಎಲೆಯನ್ನು ಜರಡಿ ಮಾಡಿದವು. ತಿಂಗಳೊಳಗೆ ಹೊಸ ಎಲೆ ಬಂತು. ಚೈತ್ರದಲ್ಲಿ ಕಾಯಿ ಒಡೆದು ರೇಷ್ಮೆಯಂಥ ಅರಳೆ ಗಾಳಿಗೆ ಹಾರಿ ಅವಳ ಸೆರಗಿಗೆ ಅಂಟಿಕೊಂಡಿತು. ಅವಳು ಒಂದೊಂದಾಗಿ ಬಿಡಿಸಿದಳು. ಪ್ರತಿ ಎಳೆಯ ತುದಿಯಲ್ಲೂ ಒಂದು ಬೀಜವಿತ್ತು.

"ನಿಮ್ ಸವ್ತಿ ಬಸ್ರಿ ಬಾಣ್ತಿ ಎಲ್ಲಾ ಆಯ್ತಾವ್ಳೆ ನೋಡಿ" ಎಂದಳು ಚಿಕ್ಕಮಾದಮ್ಮ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು ಕಣಮ್ಮಣ್ಣಿ. ನನ್ ಬಾಯಿ ಸೇದೋಗ."

"ನಿಜವನ್ನೇ ಹೇಳಿದೆ ಬಿಡು" ಎಂದಳು ಪಂಕಜಮ್ಮ.

ನಲವತ್ತಮೂರರ ಫಾಲ್ಗುಣ. ಯುದ್ಧದ ಕಾಲ, ಅಕ್ಕಿಯಿಲ್ಲ, ಸೀಮೆಎಣ್ಣೆಯಿಲ್ಲ. ಅವಳಿಗೆ ಇಪ್ಪತ್ತೆರಡು. ತಂಗಿಯ ಎರಡನೆಯ ಬಾಣಂತನ ಮುಗಿಸಿ ತೌರಿನಿಂದ ಬಂದ ಮೂರನೆಯ ದಿನ, ನಡುಮಧ್ಯಾಹ್ನ, ಅವಳು ಒಬ್ಬಳೇ ಬೆದ್ದಲಿಗೆ ಹೋದಳು. ಸೆರಗಿನೊಳಗೆ ಹಿತ್ತಿಲಲ್ಲಿ ಕಳೆ ತೆಗೆಯುವ ಕುಡುಗೋಲಿತ್ತು. ಮೇಲೆ ಮುಟ್ಟುವುದು ಬೇಡ. ನೆಲದ ಅಡಿಯಲ್ಲಿ ಬೇರು ಕೊಯ್ದು ಮಣ್ಣು ಮುಚ್ಚಿದರೆ ಹದಿನೈದು ದಿನದಲ್ಲಿ ತಾನಾಗಿ ಒಣಗಿದಂತೆ ಕಾಣುತ್ತದೆ. ಯಾರಿಗೂ ತಿಳಿಯುವುದಿಲ್ಲ. ತೌರಿನಿಂದ ಬರುವ ದಾರಿಯುದ್ದಕ್ಕೂ ಅವಳು ಇದನ್ನೇ ಯೋಚಿಸಿದ್ದಳು.

ಕೂತು ಮಣ್ಣು ಕೆದಕಿದಳು. ಒಂದು ಮೊಳ ಆಳಕ್ಕೆ ಬೇರು ಸಿಕ್ಕಿತು. ಅವಳ ತೋಳಿನಷ್ಟು ದಪ್ಪ, ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ನೆಟ್ಟಗೆ ಇಳಿದಿತ್ತು. ಕುಡುಗೋಲಿನ ತುದಿ ತಾಗಿದಲ್ಲಿ ಒಂದು ಹನಿ ಹಾಲು ಮೂಡಿತು. ಅವಳು ನೋಡುತ್ತಾ ಕೂತಳು. ಗಿಡದ ಮೇಲೆ ಕರುಣೆ ಬಂತು ಎಂದಲ್ಲ. ಗಂಡ ತನ್ನ ಕೋಣೆಯೊಳಗೆ ಬರುವುದು ಕಣ್ಣಿಗೆ ಕಟ್ಟಿತು. ಗಿಡ ತಾನಾಗಿ ಸತ್ತಿತು ಎಂದು ನಂಬಿ, ಭಯ ಬಿಟ್ಟು ಅವರು ಬರುತ್ತಾರೆ. ಅವರ ಮುಖದ ನೆಮ್ಮದಿಯನ್ನು ನೋಡುತ್ತಾ, ತಾನು ಮಾಡಿದ್ದನ್ನು ಬಾಯಿಬಿಡದೆ ಬಾಳಬೇಕು. ಈಗ ಒಬ್ಬಳೇ ಇರುವುದಕ್ಕಿಂತ ಅದು ಇನ್ನೂ ದೊಡ್ಡ ಒಂಟಿತನ ಎನಿಸಿತು.

ಅವಳು ಮಣ್ಣನ್ನು ಹಿಂದಕ್ಕೆ ತಳ್ಳಿ ಅಂಗೈಯಿಂದ ತಟ್ಟಿದಳು. ಎದ್ದಾಗ ಮಂಡಿಯ ಮೇಲೆ ಕಲ್ಲು ಒತ್ತಿದ ಗುರುತಿತ್ತು.

ಆಮೇಲೆ ಅವಳು ಕಾಯುವುದನ್ನು ಬಿಟ್ಟಳು ಎಂದು ಹೇಳಲಾಗದು. ಕಾಯುವುದು ಮನೆಗೆಲಸಗಳಲ್ಲಿ ಒಂದಾಯಿತು.

ನಲವತ್ತೈದರ ಆಷಾಢದಲ್ಲಿ ಗೋದಮ್ಮ ಹಾಸಿಗೆ ಹಿಡಿದಳು. ಎಂಟು ದಿನ ಸೊಸೆಯ ಕೈಯಿಂದಲೇ ಗಂಜಿ ಕುಡಿದಳು. ಒಂದು ಬೆಳಿಗ್ಗೆ ಅವಳ ಕೈ ಹಿಡಿದು, "ಅವನಿಗೆ ಹೆಂಡತಿಯನ್ನು ತರೋಣ ಅಂತ ಹೋದೆ ಕಣೇ. ನನಗೆ ಮಗಳು ಸಿಕ್ಕಿದಳು. ನಿನಗೆ ಏನೂ ಸಿಗಲಿಲ್ಲ" ಎಂದಳು. ಪಂಕಜಮ್ಮ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಅತ್ತೆಯ ಬಾಯಿ ಒರೆಸಿದಳು. ಮರುದಿನ ಗೋದಮ್ಮ ತೀರಿಕೊಂಡಳು.

ಹದಿಮೂರು ದಿನ ಜನವಿದ್ದರು. ಹದಿನಾಲ್ಕನೆಯ ದಿನ ಮನೆಯಲ್ಲಿ ಇಬ್ಬರೇ ಉಳಿದರು. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಮೇಷ್ಟರು ಸಂಜೆ ಬಂದು, "ಅಮ್ಮಾ" ಎಂದು ಬಾಯಿ ತೆರೆದು, ಅಲ್ಲೇ ನಿಂತುಬಿಟ್ಟರು. ಅಡುಗೆಮನೆಯಲ್ಲಿ ಪಂಕಜಮ್ಮನೂ ಸೌಟು ಹಿಡಿದು ನಿಂತಳು. ಎರಡು ದಿನ ಅವರು ಒಂದೂ ಮಾತಾಡಲಿಲ್ಲ. ಮೂರನೆಯ ದಿನ ಕಿಟಕಿಯ ಕಟ್ಟೆಯ ಮೇಲೆ ಶಾಲೆಯ ಸ್ಲೇಟೊಂದು ಕಂಡಿತು. ದುಂಡಗಿನ ಅಕ್ಷರ: "ಈ ಸಂಜೆ ಬರುವುದು ತಡ." ಅವಳು ಓದಿದಳು. ಒರೆಸಿ, "ಆಗಲಿ" ಎಂದು ಬರೆದಳು. ಅವಳ ಅಕ್ಷರ ಅಂಕುಡೊಂಕಾಗಿತ್ತು.

ಒಂದೂವರೆ ವರ್ಷ ಆ ಮನೆಯಲ್ಲಿ ಮಾತು ಎಂದರೆ ಆ ಸ್ಲೇಟು. "ಬೇಳೆ ಮುಗಿದಿದೆ." "ತಂದಿದ್ದೇನೆ." "ನಿಮ್ಮ ಅಂಗಿ ಹರಿದಿದೆ." "ಹೊಲಿಯಬಹುದು."

ಅಣೆಕಟ್ಟೆಯಿಂದ ಹೊರಟ ನಾಲೆಯ ಕೊನೆಯ ಕವಲು ಕೊಪ್ಪದ ಕಡೆಗೆ ಬಂದದ್ದು ಅದೇ ಕಾಲದಲ್ಲಿ. ಕಲ್ಲುಬೆದ್ದಲಿನ ಮೇಲ್ಗಡೆ ಕಾಲುವೆ ತೋಡಿದರು. ಅಗೆಯುವವರು ಯಾರೂ ಆ ಗಿಡದ ಹತ್ತಿರ ಬರಲಿಲ್ಲ. ಕಾಲುವೆ ಅದಕ್ಕಿಂತ ಐವತ್ತು ಮಾರು ಮೇಲೆ ಹೋಯಿತು. ಮೊದಲ ಸಲ ನೀರು ಬಿಟ್ಟ ದಿನ ಊರೇ ಹೋಗಿ ನೋಡಿತು. ನೀರು ಹೊಲಗಳಿಗೆ ಹೋದದ್ದಲ್ಲದೆ ನೆಲದೊಳಗೂ ಜಿನುಗಿತು. ಹುಟ್ಟಿದಾಗಿನಿಂದ ಒಣಗಿದ್ದ ಆ ತಗ್ಗು ಮೆಲ್ಲಗೆ ಜೌಗಾಯಿತು. ಕೆಲವರು ಬದು ಕಟ್ಟಿ ಭತ್ತ ಹಾಕಿದರು. ಬಂಡೆಯ ಸೀಳಿನಲ್ಲಿ ನೀರು ನಿಂತಿತು.

ಬರಕ್ಕೆ ಬಗ್ಗದ ಗಿಡ ನೀರಿಗೆ ಸೋತಿತು. ಮೊದಲು ಕೆಳಗಿನ ಎಲೆಗಳು ಹಳದಿಯಾದವು. ಮೊಗ್ಗು ಅರಳದೆ ಕಪ್ಪಾಗಿ ಉದುರಿತು. ಅತ್ತೆ ಹೋದ ಮೇಲೆ ಎಲೆಯ ನೆಪವಿಲ್ಲದೆ ಪಂಕಜಮ್ಮ ಆ ಕಡೆ ಹೋಗುವುದೇ ನಿಂತಿತ್ತು. ಅವಳಿಗೆ ಇದು ಗೊತ್ತಾದದ್ದು ನಲವತ್ತೇಳರ ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಸ್ಲೇಟಿನಿಂದ. "ಗಿಡ ಒಣಗಿದೆ. ಯಾರ ಕೈಯೂ ಸೋಕಿಲ್ಲ."

ಅವಳು ಅದನ್ನು ಒರೆಸಲಿಲ್ಲ. ಬಚ್ಚಲಿಗೆ ಹೋಗಿ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ಹತ್ತಿರದ ನಂಟರು ಸತ್ತ ಸುದ್ದಿ ಬಂದಾಗ ಮಾಡುವಂತೆ.

ಹಿತ್ತಿಲಿಗೆ ಬಂದ ಚಿಕ್ಕಮಾದಮ್ಮ ಒದ್ದೆಗೂದಲನ್ನು ನೋಡಿದಳು. "ಜೋಯಿಸ್ರು ಏನಂದ್ರಂತೆ?"

"ನೀರು ದೈವ, ಅದು ಯಾರ ಕೈಯೂ ಅಲ್ಲ ಅಂದರಂತೆ. ಮಾಘದಲ್ಲಿ ದಿನ ಕೊಟ್ಟಿದ್ದಾರಂತೆ. ಜೋಯಿಸರ ಹೆಂಡತಿ ಬಂದು ಹೇಳಿದರು."

"ನಾಲೆ ತೋಡ್ದೋರು ದೇವ್ರಾ? ನಮ್ಮಟ್ಟಿ ಕರಿಸಿದ್ದಯ್ಯನೂ ಅದ್ರಾಗೆ ಮಣ್ಣೊತ್ತವ್ನೆ." ಆಮೇಲೆ ದನಿ ತಗ್ಗಿಸಿದಳು. "ಓಗ್ಲಿ ಬುಡಿ. ಅಂತೂ ಸವ್ತಿ ಓದ್ಲಲ್ಲ. ನಗ್ರವ್ವ ಒಸಿ."

ಮೂರನೆಯ ದಿನ ಭಾನುವಾರ. ಮೇಷ್ಟರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಆ ಹೊಸ್ತಿಲಿಗೆ ಅವರು ಬಂದದ್ದೇ ಅಪರೂಪ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. "ನೀನು ಒಮ್ಮೆ ನೋಡಬಹುದು ಎಂದುಕೊಂಡೆ" ಎಂದರು. ಅವರ ದನಿ ತನ್ನ ಕಡೆಗೇ ತಿರುಗಿದ್ದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಇಬ್ಬರೂ ಹೊರಟರು. ಅವರು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಬದುವಿನ ಎರಡೂ ಕಡೆ ಭತ್ತದ ಕೂಳೆ, ನಡುವೆ ನಿಂತ ನೀರು, ಕೊಕ್ಕರೆಗಳು. ಅವಳಿಗೆ ಜಾಗದ ಗುರುತೇ ಸಿಗಲಿಲ್ಲ. ಅವರು ನಿಂತು ತೋರಿಸಿದರು. ಎಲೆಯಿಲ್ಲದ ನಾಲ್ಕು ಕಡ್ಡಿಗಳು, ಬೂದು ಬಣ್ಣ. ಬುಡದಲ್ಲಿ ಹಾವಸೆ. ಅಷ್ಟು ವರ್ಷ ತನ್ನನ್ನು ಹೊರಗಿಟ್ಟದ್ದು ಇಷ್ಟೇ ಎಂದು ನೋಡಿದಾಗ ಅವಳಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

"ಇದು ಸಾಯದೇ ಹೋಗಿದ್ದರೆ?" ಎಂದು ಕೇಳಿದಳು.

ಅವರು ನೀರಿನ ಕಡೆ ತಿರುಗಿದರು. "ಹಾಗೇ ಇರುತ್ತಿದ್ದೆವು. ನೀನು ಬದುಕಿರಬೇಕಿತ್ತು ನನಗೆ."

"ಬದುಕಿದ್ದೇನಲ್ಲ" ಎಂದಳು ಪಂಕಜಮ್ಮ. "ಅವರ ಹೆಸರೇನು? ಮೊದಲಿನ ಇಬ್ಬರದು? ಅತ್ತೆ ಒಮ್ಮೆಯೂ ಹೇಳಲಿಲ್ಲ" ಎಂದು ಕೇಳಿದಳು.

"ಜಯಲಕ್ಷ್ಮಿ." "ಎರಡನೆಯವಳು ಕನಕವಲ್ಲಿ. ತುಂಬಾ ಮಾತಾಡುತ್ತಿದ್ದಳು." ಬದುವಿನ ಮೇಲೆ ಹಾಗೇ ಕುಕ್ಕರಿಸಿದರು. ಹೋಗಿ ಹೆಗಲು ಮುಟ್ಟಬೇಕು ಎಂದು ಅವಳಿಗೆ ಅನಿಸಿತು. ಕೈ ಏಳಲಿಲ್ಲ. ಮುಟ್ಟುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಹಿಂದಿರುಗುವಾಗ ಅವರು, "ಜೋಯಿಸರು ಮಾಘ ಬಹುಳ ಬಿದಿಗೆ ಎಂದಿದ್ದಾರೆ. ನಿನಗೆ ಭಯವಿಲ್ಲವಷ್ಟೆ?" ಎಂದರು.

"ಭಯವಿಲ್ಲ. ನನಗೆ ನಿಮ್ಮ ಪರಿಚಯವೇ ಇಲ್ಲ." ಅವಳು ಇದನ್ನು ಕೊಂಕಾಗಿ ಹೇಳಲಿಲ್ಲ. "ಎಂಟು ವರ್ಷ ಒಂದು ಮನೆಯಲ್ಲಿದ್ದೇವೆ. ನಿಮ್ಮ ಅಂಗಿಯ ಅಳತೆ ಗೊತ್ತು, ಸಾರಿಗೆ ಖಾರ ಎಷ್ಟು ಬೇಕು ಗೊತ್ತು. ಇನ್ನೇನೂ ಗೊತ್ತಿಲ್ಲ. ಆ ದಿನವನ್ನು ಬಿಡಿ. ನಾನು ಹೇಳಿದಾಗ ದಿನ ನೋಡಿಸಿ. ಮೊದಲು ಊಟಕ್ಕೆ ಕೂತಾಗ ಏನಾದರೂ ಮಾತಾಡಿ."

"ಏನು ಮಾತಾಡಲಿ?"

"ಅದೂ ನನಗೆ ಗೊತ್ತಿಲ್ಲ."

ಅವರು ತಲೆಯಾಡಿಸಿದರು. ತಿದ್ದಿಸಿಕೊಂಡ ವಿದ್ಯಾರ್ಥಿಯ ಹಾಗೆ ಕಂಡರು.

ಮಧ್ಯಾಹ್ನ ಅವಳು ಎಲೆ ಹಾಕಿ ಬಡಿಸಿದಳು. ಅವರು ಆಪೋಶನ ತೆಗೆದುಕೊಂಡು, ಅನ್ನ ಕಲಸಿ, ಎರಡು ತುತ್ತು ತಿಂದರು. ಮೂರನೆಯ ತುತ್ತಿಗೆ ಮುಂಚೆ ಕೈ ನಿಲ್ಲಿಸಿದರು.

"ಹುಣಸೆ ಹೊಸದೇ?" ಎಂದರು.

"ಹೌದು. ಬೆಳ್ಳಮ್ಮ ತಂದುಕೊಟ್ಟಳು, ಆತಗೂರಿನವಳು."

"ಚೆನ್ನಾಗಿದೆ."

ಅಷ್ಟಕ್ಕೆ ಇಬ್ಬರ ಬಳಿಯೂ ಇದ್ದ ಮಾತು ಮುಗಿಯಿತು. ಹಿತ್ತಿಲಲ್ಲಿ ಕಾಗೆ ಕೂಗುತ್ತಿತ್ತು. ಮೇಷ್ಟರ ಹಣೆಯ ಮೇಲೆ ಬೆವರು ಮೂಡಿತ್ತು. ಅವರು ಮತ್ತೊಂದು ಮಾತನ್ನು ಹುಡುಕುತ್ತಿರುವುದು ಅವಳಿಗೆ ಕಾಣುತ್ತಿತ್ತು. ಪಂಕಜಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಒಳಗೆ ಹೋಗಲಿಲ್ಲ. ಕಂಬದ ಪಕ್ಕದಲ್ಲಿ, ಅವರಿಗೆ ಕಾಣುವ ಹಾಗೆ, ನೆಲದ ಮೇಲೆ ಕೂತಳು.